ಸೇತುವೆಯಾಚೆಯ ನಾಲ್ಕು ಸ್ಟಾಪು

ಇಪ್ಪತ್ತೇಳನೇ ನಂಬರಿನ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಟಿಕೆಟ್ ಕೊಟ್ಟ ಹೆಂಗಸಿಗೆ ಆ ರೂಟಿನ ಜನ ಇಟ್ಟ ಹೆಸರು ರೈಟಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಅದು ಡಿಪೋದ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಉಳಿದ ಕಂಡಕ್ಟರುಗಳು ಸೀಟಿ ಊದಿ ಬಸ್ಸು ಬಿಡಿಸುತ್ತಿದ್ದರು. ಸೀಟಿ ಬಾಯಲ್ಲಿಟ್ಟುಕೊಂಡರೆ ಬೈಯುವುದಕ್ಕೆ ಬಾಯಿ ಎಲ್ಲಿ ಉಳಿಯುತ್ತದೆ ಎಂಬುದು ಇವಳ ವಾದ. ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಎರಡು ಏಟು ಹಾಕಿ ‘ರೈಟ್, ರೈಟ್’ ಅಂದರೆ ಆಯಿತು, ಡ್ರೈವರು ಕ್ಲಚ್ಚಿನಿಂದ ಕಾಲು ತೆಗೆಯುತ್ತಿದ್ದ.

ಅವಳು ಕೆಲಸಕ್ಕೆ ಸೇರಿದ ವರ್ಷ ಆ ಡಿಪೋದಲ್ಲಿ ಹೆಂಗಸರು ನಾಲ್ಕೇ ಜನ. ಹೆಂಗಸರಿಗೆ ಅಂತ ಒಂದು ಕಕ್ಕಸು ಕೂಡ ಇರಲಿಲ್ಲ. ಅರ್ಜಿ ಬರೆದರು, ಸಾಹೇಬರು ನೋಡೋಣ ಅಂದರು. ಇನ್ನೊಂದು ಅರ್ಜಿ ಬರೆದರು, ಸಾಹೇಬರು ಮೇಲಕ್ಕೆ ಕಳಿಸಿದ್ದೇವೆ ಅಂದರು. ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ನಾಲ್ಕೂ ಜನ ಡಿಪೋದ ಗೇಟಿನ ನಡುವೆ ಹೋಗಿ ಕೂತರು. ಘೋಷಣೆ ಇಲ್ಲ, ಬ್ಯಾನರಿಲ್ಲ. ಡಬ್ಬಿ ಬಿಚ್ಚಿಕೊಂಡು ತಿಂಡಿ ತಿಂದರು. ಹನ್ನೊಂದು ಬಸ್ಸು ಒಳಗೇ ನಿಂತವು. ಮಧ್ಯಾಹ್ನದ ಹೊತ್ತಿಗೆ ಸ್ಟೋರ್ ರೂಮಿನ ಪಕ್ಕದ ಕೋಣೆ ಖಾಲಿಯಾಯಿತು, ನಲ್ಲಿ ಬಂತು, ಬಾಗಿಲಿಗೆ ಒಳಗಿನಿಂದ ಚಿಲಕವೂ ಬಂತು. ಆ ನಾಲ್ವರಲ್ಲಿ ಇವಳು ಎಲ್ಲರಿಗಿಂತ ಚಿಕ್ಕವಳು. ಕೇಳಿದ್ದು ಸಿಗಬೇಕಾದರೆ ಎಲ್ಲಿ ಕೂರಬೇಕು ಅನ್ನುವುದನ್ನು ಅವಳು ಅವತ್ತೇ ಕಲಿತಳು.

ಟಿಕೆಟ್ ಮಷೀನು ಬಂದದ್ದು ಆಮೇಲೆ, ಅವಳ ಎಂಟನೇ ವರ್ಷದಲ್ಲಿ. ಅಂಗೈ ಅಗಲದ ಕಪ್ಪು ಡಬ್ಬ, ಮೇಲೆ ಸಣ್ಣ ಪರದೆ, ಕೆಳಗೆ ಗುಂಡಿಗಳು. ಅದರಲ್ಲಿ ಪ್ರಯಾಣಿಕ ಎಲ್ಲಿ ಹತ್ತಿದ, ಎಲ್ಲಿ ಇಳಿಯುತ್ತಾನೆ ಎರಡನ್ನೂ ತೋರಿಸಬೇಕು. ಒಂದೊಂದು ಸ್ಟಾಪು ಬಂದಾಗಲೂ ಬಾಣದ ಗುರುತಿನ ಗುಂಡಿ ಒತ್ತಿ ಹತ್ತುವ ಸ್ಟೇಜನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳಬೇಕು. ಒತ್ತಿದ ಮೇಲೆ ಆ ಡಬ್ಬ ನಾಲ್ಕೈದು ಸೆಕೆಂಡು ಕಣ್ಣು ಮುಚ್ಚಿ ಧ್ಯಾನ ಮಾಡುತ್ತಿತ್ತು. ಜನ ಮೈಮೇಲೆ ಬೀಳುತ್ತಿರುವಾಗ ನಾಲ್ಕೈದು ಸೆಕೆಂಡು ಅಂದರೆ ಕಮ್ಮಿಯೇನಲ್ಲ.

ಇಪ್ಪತ್ತೇಳರ ರೂಟು ಊರಾಚೆಯ ಇಟ್ಟಿಗೆ ಭಟ್ಟಿಯಿಂದ ಶುರು. ಅಲ್ಲಿಂದ ನೀರಿನ ಟ್ಯಾಂಕು, ಶಾಲೆ ಗೇಟು, ಹಳೇ ಮಿಲ್ಲು, ಆಮೇಲೆ ಕಬ್ಬಿಣದ ಸೇತುವೆ. ಸೇತುವೆ ದಾಟಿದರೆ ಮಾರ್ಕೆಟ್ಟು, ಆಸ್ಪತ್ರೆ, ರೈಲ್ವೆ ಸ್ಟೇಷನ್ನು. ಮೊದಲ ನಾಲ್ಕು ಸ್ಟಾಪುಗಳು ಒಂದರಿಂದ ಇನ್ನೊಂದಕ್ಕೆ ಎರಡು ನಿಮಿಷವೂ ಹಿಡಿಯದಷ್ಟು ಹತ್ತಿರ. ಆ ನಾಲ್ಕರಲ್ಲೇ ಬಸ್ಸು ತುಂಬಿ ಹೋಗುತ್ತದೆ. ಎಲ್ಲಿ ಹತ್ತಿದರೂ, ಸೇತುವೆಯಲ್ಲಿ ಹತ್ತಿದರೂ, ಮಾರ್ಕೆಟ್ಟಿಗೆ ಟಿಕೆಟ್ ದರ ಒಂದೇ.

ಅವಳಿಗೆ ಮಷೀನು ಕಲಿಸಿದ ಹಿರಿಯ ಕಂಡಕ್ಟರನನ್ನು ಎಲ್ಲರೂ ಗುರು ಅನ್ನುತ್ತಿದ್ದರು. ಅವನು ಭಟ್ಟಿಯ ಸ್ಟಾಪಿನಲ್ಲಿ ನಿಂತು ಬಾಣದ ಗುಂಡಿಯನ್ನು ಪಟಪಟ ನಾಲ್ಕು ಸಲ ಒತ್ತಿ ತೋರಿಸಿದ್ದ. “ನೋಡಮ್ಮ, ಇಲ್ಲೇ ಸೇತುವೆಗೆ ತಂದು ನಿಲ್ಸ್ಕೊಂಡ್‌ಬಿಡು. ದರ ಒಂದೇ ತಾನೆ? ಯಾರಿಗೂ ನಷ್ಟ ಇಲ್ಲ. ಸಂಸ್ಥೆಗೂ ಇಲ್ಲ, ಜನಕ್ಕೂ ಇಲ್ಲ. ನಿನ್ನ ಹೆಬ್ಬೆಟ್ಟಿಗೆ ಮಾತ್ರ ಲಾಭ.” ಸಂಜೆ ವಾಪಸು ಬರುವಾಗಲೂ ಅಷ್ಟೇ. ಭಟ್ಟಿಗೆ ಹೋಗುವವರಿಗೂ ಟ್ಯಾಂಕಿಗೆ ಹೋಗುವವರಿಗೂ ಸೇತುವೆಯ ಗುಂಡಿಯೇ. ನಿಯಮದ ಪ್ರಕಾರ ತಪ್ಪು ಸ್ಟೇಜಿನ ಟಿಕೆಟ್ ಅಪರಾಧ. ಆದರೆ ಚೆಕಿಂಗಿನವರು ಹತ್ತುತ್ತಿದ್ದದ್ದು ಸೇತುವೆ ದಾಟಿದ ಮೇಲೆ. ಟಿಕೆಟ್ ಇದೆಯೋ ಇಲ್ಲವೋ ನೋಡುತ್ತಿದ್ದರು, ದರ ಸರಿ ಇತ್ತು, ಇಳಿದು ಹೋಗುತ್ತಿದ್ದರು.

ಹೀಗೆ ಹನ್ನೊಂದು ವರ್ಷ ನಡೆಯಿತು. ಗುರು ನಿವೃತ್ತನಾಗಿ ಮಗಳ ಊರಿಗೆ ಹೋದ. ಹೊಸಬರಿಗೆ ಕಲಿಸುವ ಕೆಲಸ ರೈಟಕ್ಕನ ಪಾಲಿಗೆ ಬಂತು. ಅವಳೂ ಭಟ್ಟಿಯ ಸ್ಟಾಪಿನಲ್ಲಿ ನಿಂತು ಪಟಪಟ ನಾಲ್ಕು ಸಲ ಒತ್ತಿ ತೋರಿಸಿದಳು. ಕಡಿಮೆ ಅಂದರೂ ಇಪ್ಪತ್ತು ಜನಕ್ಕೆ.

ಅವಳ ಮನೆ ನೀರಿನ ಟ್ಯಾಂಕಿನ ಹಿಂದಿನ ಸಾಲಿನಲ್ಲಿತ್ತು. ಎರಡು ಕೋಣೆ, ಮುಂದೆ ಬಟ್ಟೆ ಒಣಹಾಕುವಷ್ಟು ಜಾಗ. ಗಂಡ ಅದೇ ಡಿಪೋದಲ್ಲಿ ಟಯರ್ ಬದಲಿಸುವವನು, ಎರಡನೇ ಪಾಳಿ. ಇವಳು ಒಳಗೆ ಬರುವಾಗ ಅವನು ಹೊರಗೆ ಹೋಗುತ್ತಿದ್ದ. ಗಂಡನ ಜೊತೆ ಏನಾದರೂ ಮುಖ್ಯವಾದದ್ದು ಮಾತಾಡಬೇಕಾದರೆ ಡಿಪೋದ ಗೇಟಿನಲ್ಲೇ ಹಿಡಿಯಬೇಕು, ಮನೆಯಲ್ಲಿ ಸಿಗುವುದಿಲ್ಲ ಅಂತ ಅವಳು ನಗುತ್ತಿದ್ದಳು. ಮನೆಯಲ್ಲಿ ಸಿಗುತ್ತಿದ್ದವಳು ನಾದಿನಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ, ಆರೂವರೆಗೆ ಒಳಗಿರಬೇಕು. ಒಮ್ಮೆ ಒದ್ದೆ ನೆಲದಲ್ಲಿ ಜಾರಿ ಮುರಿದುಕೊಂಡ ಬಲಗಾಲಿನ ಪಾದ ಈಗಲೂ ಪೂರ್ತಿ ಮಡಚುತ್ತಿರಲಿಲ್ಲ. ಐದೂ ನಲವತ್ತರ ಮೊದಲ ಬಸ್ಸಿನಲ್ಲಿ ಮುಂಬಾಗಿಲ ಹಿಂದಿನ ಸೀಟು ಅವಳದು, ಅತ್ತಿಗೆಯ ಬಸ್ಸಾದರೂ ಟಿಕೆಟ್ ತಪ್ಪಿಸಿದವಳಲ್ಲ.

ಆ ವರ್ಷ ರೈಟಕ್ಕನ ಮೊಣಕಾಲು ಕೈಕೊಡಲು ಶುರುವಾಗಿತ್ತು. ಓಡುವ ಬಸ್ಸಿನಲ್ಲಿ ದಿನಕ್ಕೆ ಎಂಟು ಗಂಟೆ ನಿಂತರೆ ಕಬ್ಬಿಣವಾದರೂ ಸವೆಯುತ್ತದೆ. ಚೆಕಿಂಗ್ ಇನ್ಸ್‌ಪೆಕ್ಟರ್ ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರು ಎರಡನೆಯದಿತ್ತು. ಇನ್ಸ್‌ಪೆಕ್ಟರಾದರೆ ಅರ್ಧ ದಿನ ಕುರ್ಚಿ. ಪಟ್ಟಿ ಮುಂದಿನ ತಿಂಗಳ ಐದಕ್ಕೆ ಹೊರಬೀಳುವುದಿತ್ತು.

ಹೀಗಿರುವಾಗ ಡಿಪೋದ ಗೋಡೆಗೆ ಒಂದು ನೋಟೀಸು ಅಂಟಿತು. ನಗರದಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಬಸ್ಸಿನವರಿಗೆ ಅನುಕೂಲವಾಗುವಂತೆ ರೂಟುಗಳನ್ನು ಹೊಸದಾಗಿ ಹೊಂದಿಸುತ್ತಿದ್ದೇವೆ, ಮುಂದಿನ ತಿಂಗಳ ಒಂದರಿಂದ ಇಪ್ಪತ್ತೇಳನೇ ನಂಬರು ರೈಲ್ವೆ ಸ್ಟೇಷನ್ನಿನಿಂದ ಸೇತುವೆಯವರೆಗೆ ಮಾತ್ರ ಓಡುತ್ತದೆ, ಇದರಿಂದ ಉಳಿಯುವ ಬಸ್ಸುಗಳನ್ನು ಮಾರ್ಕೆಟ್ ರಸ್ತೆಗೆ ಕೊಡಲಾಗುವುದು, ಸೇತುವೆಯಾಚೆ ಪಾದಚಾರಿ ದಾರಿ ಮತ್ತು ಸೈಕಲ್ ದಾರಿ ಮಾಡಲಾಗುವುದು. ಕಾರಣ ಕೊನೆಯ ಸಾಲಿನಲ್ಲಿತ್ತು: ಸೇತುವೆಯಾಚೆಗೆ ಪ್ರಯಾಣಿಕರಿಲ್ಲ.

ರೈಟಕ್ಕನ ಜೊತೆಯ ಡ್ರೈವರನ್ನು ಎಲ್ಲರೂ ಗಡಿಯಾರ ಅಂತ ಕರೆಯುತ್ತಿದ್ದರು, ಅರ್ಧ ನಿಮಿಷ ತಡವಾದರೂ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಅವನು ನೋಟೀಸನ್ನು ಎರಡು ಸಲ ಓದಿದ.

“ಪ್ರಯಾಣಿಕರಿಲ್ವಂತೆ ಅಕ್ಕ. ಹಾಗಾದ್ರೆ ಬೆಳಿಗ್ಗೆ ಬೆಳಿಗ್ಗೆ ನನ್ನ ಬೆನ್ನಿಗೆ ಒರಗಿ ನಿಂತ್ಕೊಳ್ಳೋರು ಯಾರು? ದೆವ್ವಗಳಾ?”

“ದೆವ್ವ ಆಗಿದ್ರೆ ಚಿಲ್ಲರೆ ಕೇಳ್ತಿರ್ಲಿಲ್ಲ,” ಅಂದಳು ಅವಳು, ನಕ್ಕಳು ಕೂಡ.

ನಗು ಮಾರನೇ ದಿನ ಬೆಳಗ್ಗೆ ಭಟ್ಟಿಯ ಸ್ಟಾಪಿನಲ್ಲಿ ನಿಂತಿತು. ಹೆಬ್ಬೆಟ್ಟು ತನ್ನ ಪಾಡಿಗೆ ತಾನು ಬಾಣದ ಗುಂಡಿಯನ್ನು ನಾಲ್ಕು ಸಲ ಒತ್ತಿತು. ಪರದೆಯ ಮೇಲೆ ‘ಸೇತುವೆ’ ಅಂತ ಬಂತು. ಎದುರಿಗೆ ಹನ್ನೆರಡು ಜನ ಹತ್ತುತ್ತಿದ್ದರು. ಅವಳು ಪರದೆ ನೋಡಿದಳು, ಜನರನ್ನು ನೋಡಿದಳು. ಪ್ರಯಾಣಿಕರಿಲ್ಲ ಅಂತ ಬರೆದವರು ಸುಳ್ಳು ಬರೆದಿರಲಿಲ್ಲ. ಅವರ ಹತ್ತಿರ ಇದ್ದದ್ದು ಮಷೀನಿನ ಮಾತು. ಮಷೀನಿಗೆ ಹಾಗೆ ಹೇಳು ಅಂತ ಕಲಿಸಿದ್ದು ಇವಳ ಹೆಬ್ಬೆಟ್ಟು.

ಯಾರಿಗೂ ಹೇಳಲಿಲ್ಲ. ಮೆಲ್ಲಗೆ ಸರಿಮಾಡಿದರೆ ಮುಗಿಯಿತು ಅಂದುಕೊಂಡಳು. ಅಂದಿನಿಂದಲೇ ಒಂದೊಂದು ಸ್ಟಾಪಿಗೂ ಒಂದೊಂದು ಸಲ ಒತ್ತತೊಡಗಿದಳು. ಮಷೀನು ಒಂದೊಂದು ಸಲವೂ ಧ್ಯಾನಕ್ಕೆ ಕೂತಿತು. ಶಾಲೆ ಗೇಟಿನ ಹೊತ್ತಿಗೆ ಟಿಕೆಟ್ ಇಲ್ಲದವರ ಸಾಲು ಹಿಂಬಾಗಿಲು ಮುಟ್ಟಿತು.

“ಏನಕ್ಕಾ, ಇವತ್ತು ಮಷೀನ್‌ಗೆ ಮುದ್ದು ಮಾಡ್ತಾ ಇದ್ದೀರಾ?” ಅಂದ ದಿನಾ ಬರುವ ಗಾರೆ ಕೆಲಸದವನು.

“ನಿನಗೆ ಯಾರೂ ಮಾಡೋರಿಲ್ಲ ಅಂತ ಹೊಟ್ಟೆಕಿಚ್ಚಾ? ಮುಂದೆ ಸರಿ.”

ಗಡಿಯಾರ ಕನ್ನಡಿಯಲ್ಲಿ ಅವಳ ಕಡೆ ನೋಡಿ ಕೈಗಡಿಯಾರ ತೋರಿಸಿದ. ಸೇತುವೆಗೆ ಮೂರು ನಿಮಿಷ ತಡ. ವಾರವೆಲ್ಲ ಹೀಗೆ ನಡೆಯಿತು.

ಎಂಟನೇ ದಿನ ಡಿಪೋದಲ್ಲಿ ಅವಳಿಗಾಗಿ ಒಬ್ಬಳು ಕಾಯುತ್ತಿದ್ದಳು. ಇಪ್ಪತ್ತೆಂಟರ ಆಸುಪಾಸಿನ ಹುಡುಗಿ, ನಗರ ಸಾರಿಗೆ ಕಚೇರಿಯವಳು, ಹೊಸ ರೂಟುಗಳ ನಕ್ಷೆ ಬರೆದವಳು. ಡಿಪೋದವರು ಅವಳಿಗೆ ನಕ್ಷೆ ಮೇಡಂ ಅನ್ನುತ್ತಿದ್ದರು. ಸೈಕಲ್ಲಿನಲ್ಲೇ ಬರುತ್ತಿದ್ದಳು. ಬೆವರು ಒರೆಸಿಕೊಳ್ಳುತ್ತ ಕಾಗದ ಮುಂದೆ ಹಿಡಿದಳು.

“ಹದಿಮೂರನೇ ನಂಬರ್ ಮಷೀನ್ ನೀವೇ ಅಲ್ವಾ?”

“ಮಷೀನ್ ಇದು. ನಾನು ಕಂಡಕ್ಟರು.”

ಹುಡುಗಿ ನಕ್ಕಳು. “ಸಾರಿ. ಈ ಮಷೀನ್ ಕೆಟ್ಟಿದೆ ಅನ್ಸುತ್ತೆ. ಹೋದ ವಾರದಿಂದ ಸೇತುವೆಯಾಚೆ ಇದ್ದಕ್ಕಿದ್ದ ಹಾಗೆ ದಿನಕ್ಕೆ ನೂರಾ ಮೂವತ್ತು ಜನ ತೋರಿಸ್ತಿದೆ. ಅದೇ ರೂಟಿನ ಬೇರೆ ಮಷೀನುಗಳಲ್ಲಿ ಒಬ್ಬರೂ ಇಲ್ಲ. ರಿಪೇರಿಗೆ ಕಳಿಸಿ ನಿಮಗೆ ಬೇರೆ ಕೊಡಿಸ್ತೀನಿ.”

“ಜನ ನಿಜವಾಗ್ಲೂ ಇದ್ರೆ?”

“ಇದ್ದಿದ್ರೆ ಒಂದು ವರ್ಷದಲ್ಲಿ ಯಾವುದೋ ಒಂದು ಮಷೀನಲ್ಲಾದ್ರೂ ಕಾಣಿಸ್ಕೋಬೇಕಿತ್ತಲ್ವಾ? ಹೋದ ವರ್ಷವೆಲ್ಲಾ ನಿಮ್ಮ ಮಷೀನಲ್ಲೂ ಇರ್ಲಿಲ್ಲ.”

ಹೇಳಿಬಿಡಬಹುದಿತ್ತು. ಬಾಯಿಯವರೆಗೆ ಬಂದೂ ಇತ್ತು. ಎದುರಿನ ಗೋಡೆಯ ಮೇಲೆ ಬಡ್ತಿಯ ತಾತ್ಕಾಲಿಕ ಪಟ್ಟಿ ತೂಗುತ್ತಿತ್ತು, ಎರಡನೇ ಹೆಸರು ಅವಳದು. ಕೈಯಲ್ಲಿದ್ದ ಮಷೀನನ್ನು ಕೊಟ್ಟುಬಿಟ್ಟಳು. ಹುಡುಗಿ ಹದಿಮೂರನೇ ಮಷೀನನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದಳು. ಸುಳ್ಳು ಹೇಳಿದ ಮಷೀನುಗಳು ಕೆಲಸದಲ್ಲಿ ಉಳಿದವು, ನಿಜ ಹೇಳಿದ್ದು ರಿಪೇರಿಗೆ ಹೋಯಿತು.

ಅವತ್ತು ಸಂಜೆ ನಾದಿನಿ ಬಕೆಟ್ಟಿನ ಬಿಸಿನೀರಿನಲ್ಲಿ ಪಾದ ಇಟ್ಟುಕೊಂಡು ಕೂತಿದ್ದಾಗ ರೈಟಕ್ಕ ಇದ್ದದ್ದನ್ನೆಲ್ಲ ಹೇಳಿದಳು. ನಾದಿನಿ ಮಧ್ಯೆ ಬಾಯಿ ಹಾಕದೆ ಕೇಳಿದಳು, ಅದೇ ದೊಡ್ಡ ಸೋಜಿಗ.

“ಅಂದ್ರೆ ಅತ್ತಿಗೆ, ಹನ್ನೊಂದು ವರ್ಷದಿಂದ ನಾನು ಟ್ಯಾಂಕಲ್ಲಿ ಬಸ್ ಹತ್ತೇ ಇಲ್ಲ.”

“ಮಷೀನ್ ಪ್ರಕಾರ ಇಲ್ಲ.”

“ಅಷ್ಟು ದಿನ ನಾನು ಸೇತುವೆ ತನಕ ಹಾರ್ಕೊಂಡ್ ಹೋಗಿದ್ದೆ ಅನ್ನಿ. ಹೇಳ್ಬಾರ್ದಿತ್ತಾ, ಚಪ್ಪಲಿಯಾದ್ರೂ ಉಳೀತಿತ್ತು.”

ರೈಟಕ್ಕ ನಗಲಿಲ್ಲ. ನಾದಿನಿ ಕಾಲು ಒರೆಸಿಕೊಂಡು, “ನಾಳೆ ನಿಮಗೆ ವಾರದ ರಜೆ ತಾನೆ? ಬಸ್ ಹೋದ್ಮೇಲೆ ಏನಾಗುತ್ತೆ ಅಂತ ಇಬ್ರೂ ಒಂದ್ಸಲ ನಡೆದು ನೋಡ್ಬಿಡೋಣ,” ಅಂದಳು.

ಬೆಳಗ್ಗೆ ಐದೂಕಾಲಿಗೆ ಹೊರಟರು. ಟ್ಯಾಂಕಿನಿಂದ ಸೇತುವೆಯ ಆ ತುದಿಗೆ ಎರಡು ಕಿಲೋಮೀಟರ್. ನಕ್ಷೆಯಲ್ಲಿ ಒಂದು ಗೇಣೂ ಇಲ್ಲ. ಶಾಲೆ ಗೇಟಿನವರೆಗೆ ರಸ್ತೆಯ ಅಂಚು ಇತ್ತು, ಆಮೇಲೆ ಅಂಚು ಅನ್ನುವುದು ಮುಗಿದು ಜಲ್ಲಿ ಶುರುವಾಯಿತು. ಜಲ್ಲಿಯ ಮೇಲೆ ನಾದಿನಿಯ ಪಾದ ನಿಲ್ಲಲಿಲ್ಲ, ಡಾಂಬರಿನ ಮೇಲೆ ಇಳಿದಳು. ಹಿಂದಿನಿಂದ ಮರಳು ಲಾರಿಗಳು. ಒಂದೊಂದು ಲಾರಿ ಬಂದಾಗಲೂ ಇಬ್ಬರೂ ಜಲ್ಲಿಗೆ ಹಾರಬೇಕು, ಲಾರಿ ಹೋದ ಮೇಲೆ ಮತ್ತೆ ಇಳಿಯಬೇಕು. ಹಳೇ ಮಿಲ್ಲಿನ ಹತ್ತಿರ ಯಾರದೋ ಕಾರು ಅಡ್ಡ ನಿಂತಿತ್ತು, ಸುತ್ತು ಹಾಕಿದರು. ಸೇತುವೆಯ ಮೇಲಂತೂ ಕಟಕಟೆಗೂ ಲಾರಿಗೂ ನಡುವೆ ಒಂದೂವರೆ ಅಡಿ. ಇಬ್ಬರೂ ಒಬ್ಬರ ಹಿಂದೊಬ್ಬರು, ಕಬ್ಬಿಣಕ್ಕೆ ಮೈ ಒತ್ತಿಕೊಂಡು ನಡೆದರು. ಲಾರಿಯ ಕನ್ನಡಿಯೊಂದು ರೈಟಕ್ಕನ ತೋಳಿನ ಬಟ್ಟೆಯನ್ನು ಸವರಿಕೊಂಡು ಹೋಯಿತು.

ಆ ತುದಿ ಮುಟ್ಟಿದಾಗ ಗಂಟೆ ಆರೂ ನಾಲ್ಕು. ನಲವತ್ತೊಂಬತ್ತು ನಿಮಿಷ. ನಾದಿನಿ ಸೇತುವೆ ಸ್ಟಾಪಿನ ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿದಳು. ಪಾದ ಊದಿತ್ತು.

“ಇನ್ನು ಎಂಟು ಗಂಟೆ ಇಸ್ತ್ರಿ ಪೆಟ್ಟಿಗೆ ಮುಂದೆ ನಿಲ್ಬೇಕು,” ಅಂದಳು. ದೂರಿದ ಹಾಗಿರಲಿಲ್ಲ, ಗಂಟೆ ಎಷ್ಟಾಯಿತು ಅಂತ ಹೇಳಿದ ಹಾಗಿತ್ತು. “ನಾನೇನೋ ಲಾಂಡ್ರಿ ಬಿಟ್ಟು ಟ್ಯಾಂಕಿನ ಹತ್ರಾನೇ ಯಾರ ಮನೇಲಾದ್ರೂ ಪಾತ್ರೆ ತಿಕ್ಕಿ ಬದುಕ್ತೀನಿ. ಭಟ್ಟಿಯ ಹೆಂಗಸರು ಮಕ್ಕಳನ್ನ ಎತ್ಕೊಂಡು ಆಸ್ಪತ್ರೆಗೆ ಹೇಗೆ ಬರ್ತಾರೆ ಅತ್ತಿಗೆ?”

“ನಾನು ಮಾಡಿದ್ದನ್ನ ಬರೆದು ಕೊಟ್ರೆ ಇನ್ಸ್‌ಪೆಕ್ಟರ್ ಆಗೋದಿಲ್ಲ ಕಣೆ.”

“ಗೊತ್ತು. ಅದನ್ನ ನಾನು ಹೇಳೋಕಾಗಲ್ಲ. ಮೊಣಕಾಲು ನಿಮ್ದು.” ಅಷ್ಟು ಹೇಳಿ ಬಸ್ಸು ಬಂದಾಗ ಹತ್ತಿ ಹೋದಳು.

ಮಾರನೇ ದಿನ ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ, ರೈಟಕ್ಕ ಕಂಡಕ್ಟರುಗಳ ವಿಶ್ರಾಂತಿ ಕೋಣೆಗೆ ಹೋದಳು. ಇಪ್ಪತ್ತೇಳರ ರೂಟಿನವರು ಒಂಬತ್ತು ಜನ ಇದ್ದರು. ಚಹಾ ಕುಡಿಯುತ್ತಿದ್ದರು, ಒಬ್ಬ ಬೆಂಚಿನ ಮೇಲೆ ಮಲಗಿದ್ದ. ಎಲ್ಲರೂ ಸೇರಿ ಬರೆದು ಕೊಡೋಣ, ಎಲ್ಲರ ಮೇಲೂ ಮೆಮೋ ಹಾಕಲು ಅವರಿಗೆ ಧೈರ್ಯ ಬರುವುದಿಲ್ಲ ಅಂತ ಹೇಳಿದಳು.

ಮಲಗಿದ್ದವನು ಎದ್ದು ಕೂತ. ಸದಾ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿರುತ್ತಿದ್ದ ಅವನನ್ನು ಎಲ್ಲರೂ ಕಾಲರ್ ಅನ್ನುತ್ತಿದ್ದರು. ಬಡ್ತಿಯ ಪಟ್ಟಿಯಲ್ಲಿ ಮೂರನೇ ಹೆಸರು ಅವನದು. “ಅಕ್ಕಾ, ನಿಮ್ಮ ಮನೆ ಆಚೆ ಇದೆ ಅಂತ ನಮ್ಮ ತಲೆ ಮೇಲೆ ಕಲ್ಲು ಹಾಕ್ತೀರಾ? ನಮಗೆ ಕಲಿಸಿದ್ದೇ ನೀವು.”

“ಹೌದು, ನಾನೇ. ಅದಕ್ಕೇ ಬಂದೆ.”

“ಕಲಿಸೋವಾಗ ಹೆಬ್ಬೆಟ್ಟಿಗೆ ಲಾಭ ಅಂದ್ರಿ. ಈಗ ಹೆಬ್ಬೆಟ್ಟು ಕತ್ತರಿಸಿ ಕೊಡಿ ಅಂತೀರಿ.”

ಎಲ್ಲರೂ ನಕ್ಕರು. ರೈಟಕ್ಕನೂ ನಕ್ಕಳು, ಮಾತು ಸರಿಯಾಗಿಯೇ ಇತ್ತು. ಹೊಸದಾಗಿ ಮದುವೆಯಾದವನೊಬ್ಬ ತಲೆ ತಗ್ಗಿಸಿ ಚಹಾ ಲೋಟ ತಿರುಗಿಸುತ್ತಿದ್ದ. ಇನ್ನೊಬ್ಬಳು ತನಗೆ ಈಗಾಗಲೇ ಒಂದು ಮೆಮೋ ಇದೆ, ಎರಡನೆಯದು ಬಂದರೆ ಮನೆಗೆ ಕಳಿಸುತ್ತಾರೆ ಅಂದಳು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕಕ್ಕಸಿಗಾಗಿ ಗೇಟಿನಲ್ಲಿ ಕೂತಾಗ ನಾಲ್ವರೂ ಮೂಗು ಹಿಡಿದುಕೊಂಡು ಬದುಕಿದವರೇ ಆಗಿದ್ದರು, ಆದ್ದರಿಂದ ನಾಲ್ವರೂ ಕೂತರು. ಇಲ್ಲಿ ಸೇತುವೆಯಾಚೆ ಮನೆ ಇದ್ದದ್ದು ಒಬ್ಬಳಿಗೆ. ಅದು ಅವಳಿಗೆ ಅರ್ಥವಾಗುತ್ತಿತ್ತು, ಸಿಟ್ಟು ಬರಲಿಲ್ಲ. ಬೇಸರ ಬಂತು ಅಂತ ಹೇಳಬಹುದು.

“ಸರಿ ಬಿಡಿ, ನನ್ನ ಹೆಸರು ಮಾತ್ರ ಬರೀತೀನಿ,” ಅಂದಳು. “ಬೇರೆ ಯಾರಿಗೆ ಗೊತ್ತಿತ್ತು ಅಂದ್ರೆ ನಂಗೊತ್ತಿಲ್ಲ ಅಂತೀನಿ. ಆದ್ರೆ ನಾಳೆಯಿಂದ ಸ್ಟಾಪಿಗೊಂದ್ಸಲ ಒತ್ತಿ. ಅಷ್ಟಾದ್ರೂ ಮಾಡಿ.”

ಒಂದು ಪುಟದ ಕಾಗದವನ್ನು ಮನೆಯಲ್ಲಿ ಕೂತು ಬರೆದಳು. ಮೂರು ಸಲ ಹರಿದು ಹಾಕಿದಳು. ಮೊದಲ ಸಲ ಬರೆದದ್ದರಲ್ಲಿ ಮಷೀನಿನದೇ ತಪ್ಪು ಅನ್ನಿಸುತ್ತಿತ್ತು. ಎರಡನೆಯದರಲ್ಲಿ ಗುರುವಿನದು. ಮೂರನೆಯದರಲ್ಲಿ ತಾನು ದೊಡ್ಡ ತ್ಯಾಗ ಮಾಡುವವಳ ಹಾಗೆ ಕಂಡಳು, ಓದಿ ಅವಳಿಗೇ ನಾಚಿಕೆಯಾಯಿತು. ನಾಲ್ಕನೆಯದರಲ್ಲಿ ಎಂಟು ಸಾಲು ಮಾತ್ರ ಉಳಿಯಿತು. ಹನ್ನೊಂದು ವರ್ಷ ನಾನು ಮೊದಲ ನಾಲ್ಕು ಸ್ಟಾಪಿನ ಪ್ರಯಾಣಿಕರನ್ನು ಸೇತುವೆಯ ಸ್ಟೇಜಿನಲ್ಲಿ ತೋರಿಸಿದ್ದೇನೆ. ದರ ಒಂದೇ ಆದ್ದರಿಂದ ತಪ್ಪು ಅನ್ನಿಸಿರಲಿಲ್ಲ. ಹೊಸಬರಿಗೂ ಹಾಗೇ ಕಲಿಸಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಜನ ಅಲ್ಲಿ ಇದ್ದಾರೆ. ಬೇಕಾದರೆ ಬಂದು ಎಣಿಸಿ.

ಡಿಪೋ ಮ್ಯಾನೇಜರು ಅದನ್ನು ಓದಿ, ಬಾಗಿಲು ಹಾಕಲು ಹೇಳಿದ. ಕೆಟ್ಟ ಮನುಷ್ಯನಲ್ಲ, ತನ್ನ ಕುರ್ಚಿಗೆ ಶಾಂತಿ ಬಯಸುವವನು.

“ಐದನೇ ತಾರೀಖು ಪಟ್ಟಿ ಬರುತ್ತೆ. ಆರಕ್ಕೆ ಇದನ್ನ ಕೊಡಿ. ಇನ್ಸ್‌ಪೆಕ್ಟರಾಗಿ ಹೇಳಿದ್ರೆ ಮಾತಿಗೆ ತೂಕ ಬೇರೆ ಇರುತ್ತೆ.”

“ಬಸ್ಸು ಒಂದನೇ ತಾರೀಖು ನಿಲ್ಲುತ್ತೆ ಸಾರ್.”

“ನಿಂತದ್ದನ್ನ ಆಮೇಲೆ ಮತ್ತೆ ಓಡಿಸ್ಬಹುದು.”

“ನಿಂತ ಬಸ್ಸು ಮತ್ತೆ ಓಡಿದ್ದನ್ನ ನೀವು ನೋಡಿದ್ದೀರಾ ಸಾರ್? ನಾನು ನೋಡಿಲ್ಲ. ಹತ್ತೊಂಬತ್ತು ವರ್ಷ ಆಯ್ತು.”

ಅವನು ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದ, ಅಲ್ಲೇನೂ ಇರಲಿಲ್ಲ. “ಇನ್ಸ್‌ಪೆಕ್ಟರ್ ಕೆಲಸಾನೇ ತಪ್ಪು ಸ್ಟೇಜು ಹಿಡಿಯೋದು. ಇದನ್ನ ಇಟ್ಕೊಂಡು ನಿಮ್ಮ ಹೆಸರು ನಾನು ಹೇಗೆ ಕಳಿಸ್ಲಿ?”

“ಕಳಿಸ್ಬೇಡಿ ಸಾರ್. ಕಾಗದ ಮಾತ್ರ ನಕ್ಷೆ ಮೇಡಂಗೆ ಕಳಿಸಿ. ಕಳಿಸಿದ್ದಕ್ಕೆ ಒಂದು ರಸೀದಿ ಕೊಡಿ.”

ರಸೀದಿ ಇಲ್ಲದೆ ಕಾಗದ ಕೊಟ್ಟು ಬಂದವಳಲ್ಲ ಅವಳು. ಸೀಲು ಬಿದ್ದ ಮೇಲೆಯೇ ಎದ್ದಳು.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಬೆಳಗ್ಗೆ ಐದೂಕಾಲಿಗೆ ಭಟ್ಟಿಯ ಸ್ಟಾಪಿನಲ್ಲಿ ಒಂದು ಸೈಕಲ್ಲು ಒರಗಿತ್ತು. ನಕ್ಷೆ ಮೇಡಂ ಕೈಯಲ್ಲಿ ಪೆನ್ಸಿಲು, ಪುಸ್ತಕ. ಮುಖದಲ್ಲಿ ನಿದ್ದೆಗಿಂತ ಹೆಚ್ಚಾಗಿ ಗಾಬರಿ ಇತ್ತು.

“ಸೇತುವೆ ಮೇಲೆ ಸೈಕಲ್ ಇಳಿದು ತಳ್ಳಿಕೊಂಡು ಬಂದೆ,” ಅಂದಳು. “ಎರಡು ಲಾರಿ ಬಂದವು.”

“ದಿನಾ ಬರ್ತವೆ. ನಿಮ್ಮ ನಕ್ಷೇಲಿ ಅಲ್ಲಿ ಏನಿದೆ?”

“ಪಾದಚಾರಿ ದಾರಿ. ಸೈಕಲ್ ದಾರಿ. ಎರಡು ವರ್ಷದಲ್ಲಿ ಆಗುತ್ತೆ.”

“ಆಗ್ಲಿ, ಒಳ್ಳೇದೇ. ನಡೆಯೋರಿಗೆ ದಾರಿ ಬೇಡ ಅನ್ನೋಳು ನಾನಲ್ಲ, ಮೊನ್ನೆ ನಡೆದು ಬಂದಿದ್ದೀನಿ. ಆದ್ರೆ ಎರಡು ವರ್ಷ ಇವರೆಲ್ಲ ಎಲ್ಲಿ ಕಾಲಿಡ್ಬೇಕು? ಆಮೇಲೂ ಕಾಲಿಲ್ಲದೋರು, ಹೊರೆ ಇರೋರು, ಹೊಟ್ಟೇಲಿ ಮಗು ಇರೋರು ಬಸ್ಸಿಗೇ ಬರ್ಬೇಕು. ದಾರಿ ಹಾಕಿದ್ರೆ ಬಸ್ ಸ್ಟಾಪಿಗೆ ಬರೋ ಜನ ಇನ್ನೂ ಜಾಸ್ತಿ ಆಗ್ತಾರೆ ತಾಯಿ, ಕಮ್ಮಿ ಆಗಲ್ಲ.”

ಹುಡುಗಿ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಗಡಿಯಾರ ಬಸ್ಸು ತಿರುಗಿಸಿ ತಂದು ನಿಲ್ಲಿಸಿದ, ಜನ ಹತ್ತತೊಡಗಿದರು, ಅವಳು ಪೆನ್ಸಿಲಿನಿಂದ ಗೀಟು ಹಾಕತೊಡಗಿದಳು. ಭಟ್ಟಿಯಲ್ಲಿ ಹೊರೆ ಹೊತ್ತ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕಾಲಿಟ್ಟವಳು ಹಾಗೇ ನಿಂತಳು.

“ಯಾಕಮ್ಮ ನಮ್ಮನ್ನ ಎಣಿಸ್ತಾ ಇದೀಯ? ಹೊಸ ತೆರಿಗೆ ಏನಾದ್ರೂ ಹಾಕ್ತೀರಾ?”

“ಇಲ್ಲಜ್ಜಿ, ನೀವು ಇದ್ದೀರಿ ಅಂತ ಬರ್ಕೊಳ್ತಾ ಇದ್ದೀನಿ.”

“ಇದ್ದೀನಿ ಅಂತ ಬರೆದುಕೊಳ್ಳೋಕೆ ಕಚೇರಿಯಿಂದ ಬರ್ಬೇಕಾಯ್ತಾ? ಈ ಹೊರೆ ಒಂದ್ಸಲ ಹಿಡಿ, ಗೊತ್ತಾಗುತ್ತೆ.” ಹೊರೆಯನ್ನು ಹುಡುಗಿಯ ಕೈಗೆ ಕೊಟ್ಟೇ ಮುದುಕಿ ಹತ್ತಿದಳು. ಹುಡುಗಿ ಹೊರೆ ಹಿಡಿದುಕೊಂಡೇ ಮುಂದಿನ ಮೂರು ಗೀಟು ಹಾಕಿದಳು, ಅವು ಸೊಟ್ಟಗಾದವು.

ಟ್ಯಾಂಕಿನಲ್ಲಿ ಹದಿನಾಲ್ಕು, ಶಾಲೆ ಗೇಟಿನಲ್ಲಿ ಏಳು, ಮಿಲ್ಲಿನಲ್ಲಿ ಹನ್ನೊಂದು. ನಾದಿನಿ ತನ್ನ ಸೀಟಿನಲ್ಲಿ ಕೂತು, “ನನ್ನ ಸರಿಯಾಗಿ ಬರ್ಕೊಳ್ಳಿ ಮೇಡಂ, ಹನ್ನೊಂದು ವರ್ಷದ್ದು ಬಾಕಿ ಇದೆ,” ಅಂದಳು. ಮೊದಲ ಬಸ್ಸು ಸೇತುವೆ ಮುಟ್ಟುವ ಹೊತ್ತಿಗೆ ಪುಸ್ತಕದಲ್ಲಿ ನಲವತ್ತನಾಲ್ಕು ಗೀಟು ಇತ್ತು. ಹುಡುಗಿ ಅದನ್ನೇ ನೋಡುತ್ತ ಕೂತಿದ್ದಳು. ಮೂರು ದಿನ ಎಣಿಸಿದಳು, ಬೆಳಗ್ಗೆಯ ಮೊದಲ ಬಸ್ಸಿನಿಂದ ಸಂಜೆ ಏಳರ ಬಸ್ಸಿನವರೆಗೆ. ಎರಡನೇ ದಿನದಿಂದ ಉಳಿದ ಪಾಳಿಗಳ ಕಂಡಕ್ಟರುಗಳ ಮಷೀನುಗಳಲ್ಲೂ ಮೊದಲ ನಾಲ್ಕು ಸ್ಟಾಪಿನ ಜನ ಕಾಣಿಸತೊಡಗಿದರು. ಯಾರೂ ಏನೂ ಹೇಳಲಿಲ್ಲ, ರೈಟಕ್ಕನೂ ಕೇಳಲಿಲ್ಲ. ಹೊಸದಾಗಿ ಮದುವೆಯಾದವನು ಮಾತ್ರ ಒಂದು ದಿನ ಎದುರಿಗೆ ಸಿಕ್ಕಿ, “ಅಕ್ಕಾ, ಹೆಬ್ಬೆಟ್ಟು ನೋಯ್ತಿದೆ,” ಅಂದು ಹೋದ.

ಒಂದನೇ ತಾರೀಖು ಬಸ್ಸು ನಿಲ್ಲಲಿಲ್ಲ. ಹೊಸ ನೋಟೀಸು ಬಂತು: ಇಪ್ಪತ್ತೇಳು ಭಟ್ಟಿಯವರೆಗೆ ಮುಂದುವರಿಯುತ್ತದೆ, ಮಧ್ಯಾಹ್ನದ ಎರಡು ಟ್ರಿಪ್ಪು ಮಾತ್ರ ಸೇತುವೆಯಿಂದ ವಾಪಸು. ಆ ಎರಡು ಟ್ರಿಪ್ಪಿಗಾಗಿ ರೈಟಕ್ಕ ಇನ್ನೊಂದು ಅರ್ಜಿ ಬರೆದು ರಸೀದಿ ತೆಗೆದುಕೊಂಡಳು, ಅದರ ಉತ್ತರ ಇನ್ನೂ ಬರಬೇಕಾಗಿದೆ. ಸೇತುವೆಯ ಪಾದಚಾರಿ ದಾರಿ ನಕ್ಷೆಯಲ್ಲಿ ಇತ್ತು, ಈಗಲೂ ಇದೆ.

ಐದನೇ ತಾರೀಖು ಪಟ್ಟಿ ಬಂತು. ಅದರಲ್ಲಿ ಎರಡನೇ ಹೆಸರು ಕಾಲರನದು. ಅವಳಿಗೆ ಬಂದದ್ದು ಬಿಳಿ ಲಕೋಟೆಯಲ್ಲಿ ಒಂದು ಮೆಮೋ: ತಪ್ಪು ಸ್ಟೇಜು ತೋರಿಸಿದ್ದಕ್ಕಾಗಿ ಮೂರು ವರ್ಷ ಬಡ್ತಿ ಇಲ್ಲ. ಮೂರು ವರ್ಷವಾದ ಮೇಲೆ ಅವಳ ನಿವೃತ್ತಿಗೆ ಉಳಿಯುವುದು ಹದಿನಾಲ್ಕು ತಿಂಗಳು. ಗೇಟಿನಲ್ಲಿ ಗಂಡ ಸಿಕ್ಕಿದ, ಟಯರಿನ ಮಸಿ ಬಳಿದ ಕೈಯಲ್ಲಿ ಮೆಮೋ ಹಿಡಿದು ಓದಿದ. ಮೂಲೆಯಲ್ಲಿ ಹೆಬ್ಬೆಟ್ಟಿನ ಕಪ್ಪು ಗುರುತು ಬಿತ್ತು.

“ಬರೆಯೋ ಮುಂಚೆ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಬೇಡ ಅಂತಿದ್ರಿ.”

“ಅಂತಿದ್ದೆ,” ಅಂದ ಅವನು. ಮೆಮೋ ಮಡಚಿ ಅವಳ ಕೈಗೆ ಕೊಟ್ಟು, “ಮೊಣಕಾಲಿಗೆ ಪಟ್ಟಿ ತಂದಿಟ್ಟಿದ್ದೀನಿ, ಅಡುಗೆಮನೆ ಕಪಾಟಲ್ಲಿದೆ. ಹಾಕ್ಕೊಂಡು ನಿಂತ್ಕೋ,” ಅಂದು ಒಳಗೆ ಹೋದ.

ಮುಂದಿನ ವಾರ ಮಾರ್ಕೆಟ್ಟಿನ ಹತ್ತಿರ ಕಾಲರ್ ಇನ್ಸ್‌ಪೆಕ್ಟರಾಗಿ ಅವಳ ಬಸ್ಸು ಹತ್ತಿದ. ಹೊಸ ಬಟ್ಟೆ, ಮೇಲಿನ ಗುಂಡಿ ಕುತ್ತಿಗೆ ಕಚ್ಚುತ್ತಿತ್ತು. ಅವಳು ಮಷೀನನ್ನು ಮುಂದೆ ಹಿಡಿದಳು. ಅವನು ಸ್ಟೇಜುಗಳನ್ನು ಒಂದೊಂದಾಗಿ ನೋಡಿದ, ನಾದಿನಿಯ ಟಿಕೆಟ್ಟನ್ನೂ ಕೇಳಿ ನೋಡಿದ. ಅದರ ಮೇಲೆ ‘ನೀರಿನ ಟ್ಯಾಂಕು’ ಅಂತಿತ್ತು.

“ಸರಿ ಇದೆ ಅಕ್ಕ,” ಅಂದ, ಕಣ್ಣಿಗೆ ಕಣ್ಣು ಕೊಡದೆ.

“ಇರ್ದೆ ಇನ್ನೇನು. ಆಸ್ಪತ್ರೆ ಸ್ಟಾಪ್ ಬಂತು, ಇಳಿಯೋರಿದ್ದಾರೆ. ಬಾಗಿಲು ಬಿಟ್ಟು ನಿಂತ್ಕೋಪ್ಪ.”

ಅವನು ಸರಿದು ನಿಂತ. ನಾದಿನಿ ಕಂಬಿ ಹಿಡಿದು, ಮೊದಲು ಎಡಗಾಲು, ಆಮೇಲೆ ಬಲಗಾಲು ಇಟ್ಟು ಇಳಿದಳು. ಲಾಂಡ್ರಿಯ ಗೇಟು ರಸ್ತೆಯ ಆಚೆ ಇತ್ತು, ಆರೂವರೆಗೆ ಇನ್ನೂ ಏಳು ನಿಮಿಷ.